ಹೋಲಿಕೆ ಮಣ್ಣಿನ ಪೆಟ್ಟಿಗೆ

ಮಣ್ಣಿಗೆ ಜೀವವಿದೆ ಎಂಬುದು ಆ ವರ್ಷದ ಎರಡನೆಯ ಸೋಮವಾರದಿಂದ ಜಾರಿಗೆ ಬಂತು. ಅದಕ್ಕೂ ಹಿಂದೆ ಮಣ್ಣಿಗೆ ಜೀವ ಇತ್ತೇ ಎಂಬುದರ ಬಗ್ಗೆ ಆದೇಶ ಏನನ್ನೂ ಹೇಳಿರಲಿಲ್ಲ. ಆದೇಶಗಳು ಹಿಂದಿನ ದಿನಾಂಕಕ್ಕೆ ಅನ್ವಯಿಸುವುದಿಲ್ಲವಾದ್ದರಿಂದ ಇರಲಿಲ್ಲವೆಂದೇ ಎಲ್ಲರೂ ತಿಳಿದುಕೊಂಡರು.

ಜೀವ ಬಂದ ಮೇಲೆ ಅದನ್ನು ನೋಡಿಕೊಳ್ಳಲು ಒಂದು ಕಚೇರಿ ಬೇಕಾಯಿತು. ಜೀವಂತ ಮಣ್ಣು ನಿರ್ದೇಶನಾಲಯ ಎಂಬ ಹೆಸರಿನಲ್ಲಿ ಮೂರು ಅಂತಸ್ತಿನ ಕಟ್ಟಡ ಎದ್ದಿತು. ಮಳೆ ಬಂದರೆ ಕೆಸರಾಗದಿರಲೆಂದು ಸುತ್ತಲಿನ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಲಾಯಿತು. ಬಾಗಿಲಲ್ಲಿ ದಪ್ಪನೆಯ ಕಾಲೊರಸು, ಅದರ ಮೇಲ್ಗಡೆ ಒಂದು ಫಲಕ: 'ಮಣ್ಣನ್ನು ದಯವಿಟ್ಟು ಹೊರಗೇ ಬಿಟ್ಟು ಬನ್ನಿ.'

ಈ ಆದೇಶದಿಂದ ಎಲ್ಲರಿಗಿಂತ ಮೊದಲು ಖುಷಿಪಟ್ಟವಳು ತರಗಕ್ಕ. ಅದು ಅವಳ ಹೆಸರಲ್ಲ, ಜನ ಇಟ್ಟದ್ದು. ಹದಿನೆಂಟು ವರ್ಷ ಅವಳು ಪಟ್ಟಣದ ಬೀದಿ ಗುಡಿಸಿದವಳು. ಯಾವ ಬೀದಿಯ ಯಾವ ಮರ ಯಾವ ತಿಂಗಳಲ್ಲಿ ಎಲೆ ಉದುರಿಸುತ್ತದೆ ಎಂಬುದು ಅವಳ ಪೊರಕೆಗೇ ಗೊತ್ತಿತ್ತು. ಗುಡಿಸಿದ ಎಲೆಯನ್ನೆಲ್ಲ ಬೀದಿಯ ಕೊನೆಯಲ್ಲಿ ರಾಶಿ ಹಾಕಿ ಸುಡುವುದು ಅಲ್ಲಿನ ಕ್ರಮ. ಸುಡುವಾಗೆಲ್ಲ ಅವಳ ಹೊಟ್ಟೆಯೂ ಉರಿಯುತ್ತಿತ್ತು. ಕೊನೆಗೆ ಒಂದು ದಿನ ಕೆಲಸ ಬಿಟ್ಟು, ಯಾರಿಗೂ ಬೇಡವಾದ ಒಂದು ಎಕರೆ ಸರ್ಕಾರಿ ಜಮೀನನ್ನು ಒಂಬತ್ತು ವರ್ಷದ ಗುತ್ತಿಗೆಗೆ ಹಿಡಿದಳು. ಇಟ್ಟಿಗೆ ಸುಡುವವರು ಮೇಲ್ಮಣ್ಣನ್ನೆಲ್ಲ ಕೆತ್ತಿ ಒಯ್ದು, ನೆಲದ ಎಲುಬು ಕಾಣಿಸಿ ಬಿಟ್ಟುಹೋದ ಜಾಗ ಅದು. ಮಳೆ ಬಂದರೆ ನೀರು ಮೇಲೆಯೇ ನಿಲ್ಲುತ್ತಿತ್ತು, ಒಳಗೆ ಹೋಗಲು ಅದಕ್ಕೂ ಮನಸ್ಸಿರಲಿಲ್ಲ.

ಅವಳು ಉಳಲಿಲ್ಲ. ಮೂಟೆಗಟ್ಟಲೆ ತರಗೆಲೆ ಹೊತ್ತು ತಂದು ನೆಲಕ್ಕೆ ಹೊದಿಸಿದಳು. ಕೊಯ್ದ ಪೈರಿನ ಬೇರನ್ನು ಕೀಳದೆ ಒಳಗೇ ಬಿಟ್ಟಳು. ಬೆಳೆ ಇಲ್ಲದ ತಿಂಗಳಲ್ಲಿ ನೆಲ ಬರಿದಾಗಬಾರದೆಂದು ಕಾಳಿನ ಬಳ್ಳಿ ಹಬ್ಬಿಸಿದಳು. "ಹದಿನೆಂಟು ವರ್ಷ ಕಸ ತೆಗೆದವಳು ಈಗ ಕಸ ಹಾಕ್ತಿದ್ದಾಳೆ, ಲೆಕ್ಕ ಸರಿಹೋಯ್ತು" ಎಂದು ಜನ ನಕ್ಕರು. ನಕ್ಕವರ ಮನೆ ಮುಂದಿನ ಎಲೆಯನ್ನೂ ಅವಳು ಬಿಡಲಿಲ್ಲ. ಮೂರನೆಯ ವರ್ಷ ನೀರು ಒಳಗೆ ಇಳಿಯತೊಡಗಿತು. ಐದನೆಯ ವರ್ಷ ಎಲೆ ಸರಿಸಿದರೆ ಎರೆಹುಳು. ಒಂಬತ್ತನೆಯ ವರ್ಷಕ್ಕೆ ಆ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಹಿಮ್ಮಡಿ ಹೂತುಹೋಗುತ್ತಿತ್ತು. ಸೊಪ್ಪು, ಬದನೆ, ಅವರೆ, ಸಂತೆಗೆ ಹೋದದ್ದು ಮರಳಿ ಬರುತ್ತಿರಲಿಲ್ಲ.

ಒಂಬತ್ತನೆಯ ವರ್ಷವೇ ಗುತ್ತಿಗೆಯ ಕೊನೆಯ ವರ್ಷ. ಹೊಸ ಆದೇಶದ ಪ್ರಕಾರ 'ಜೀವಂತ ಮಣ್ಣು ಪ್ರಮಾಣಪತ್ರ' ಇದ್ದ ಜಮೀನಿನ ಗುತ್ತಿಗೆ ಮುಂದಿನ ಮೂವತ್ತು ವರ್ಷಕ್ಕೆ ತಾನಾಗಿ ನವೀಕರಣವಾಗುತ್ತದೆ. ಪ್ರಮಾಣಪತ್ರ ಇಲ್ಲದ ಜಮೀನನ್ನು ಜೀವರಹಿತವೆಂದು ಪರಿಗಣಿಸಿ ನಿರ್ದೇಶನಾಲಯವೇ ವಶಕ್ಕೆ ಪಡೆದು, ಅಲ್ಲಿ ಪ್ರಮಾಣಪತ್ರಗಳ ನಕಲು ಇಡಲು ದಾಖಲೆ ಕೊಠಡಿ ಕಟ್ಟತಕ್ಕದ್ದು.

"ನಮ್ಮದಕ್ಕೆ ಕೊಡದೆ ಇನ್ಯಾರದಕ್ಕೆ ಕೊಡ್ತಾರೆ ಬಿಡಿ" ಎಂದಳು ತರಗಕ್ಕ.

ಗುಡಿಸಲಿನ ಮುಂದೆ ಮಣೆ ಹಾಕಿಕೊಂಡು ಬೀಜ ಆರಿಸುತ್ತಿದ್ದ ಅವಳ ಅತ್ತೆ ತಲೆಯೆತ್ತಲಿಲ್ಲ. "ಕೊಡೋದು ಕೊಟ್ಟೇ ಕೊಡ್ತಾರೆ ಕಣೆ. ಏನು ಕೊಡ್ತಾರೆ ಅನ್ನೋದು ನೋಡ್ಬೇಕು."

ಮಣ್ಣು ಪರೀಕ್ಷಕರು ಬಂದದ್ದು ಒಂದು ಬೆಳಗ್ಗೆ ಹತ್ತು ಗಂಟೆಗೆ. ಸಣಕಲು, ಸಭ್ಯ ಮನುಷ್ಯ. ಬಿಳಿ ಷೂ ಹಾಕಿದ್ದರು. ಕೈಯಲ್ಲಿ ಒಂದು ಅಡಿ ಉದ್ದ ಒಂದು ಅಡಿ ಅಗಲದ ಮರದ ಚೌಕಟ್ಟು, ಅದರ ನಾಲ್ಕು ಮೂಲೆಗೂ ಸರ್ಕಾರಿ ಮೊಹರು. ನಿಯಮ ಹೀಗಿತ್ತು: ಜಮೀನಿನ ನಟ್ಟನಡುವೆ ಚೌಕಟ್ಟನ್ನು ಇಟ್ಟು, ಅದರೊಳಗೆ ಒಂದು ಗೇಣು ಆಳದ ಗುಂಡಿ ತೋಡಿ, ಗುಂಡಿಯಲ್ಲಿರುವ ಹುಳುಗಳನ್ನು ಜಮೀನಿನವರ ಸಮ್ಮುಖದಲ್ಲಿ ಎಣಿಸತಕ್ಕದ್ದು. ಹನ್ನೆರಡಕ್ಕೆ ಕಡಿಮೆ ಇರಕೂಡದು.

ಪರೀಕ್ಷಕರಿಗೆ ಹುಳು ಕಂಡರೆ ಮೈ ಜುಮ್ಮೆನ್ನುತ್ತಿತ್ತು. ತರಗಕ್ಕನೇ ತೋಡಿದಳು, ತರಗಕ್ಕನೇ ಒಂದೊಂದಾಗಿ ಎತ್ತಿ ಅಂಗೈಯಲ್ಲಿ ಇಟ್ಟು ತೋರಿಸಿದಳು. ಅವರು ಮುಖ ಆ ಕಡೆ ಮಾಡಿ ಗೀಟು ಹಾಕಿಕೊಂಡರು. ನಲವತ್ತೊಂದಾಯಿತು.

ಪರೀಕ್ಷಕರು ನಮೂನೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಕ್ಕಾ, ಇದರಲ್ಲಿ ಇಪ್ಪತ್ತರ ತನಕ ಮಾತ್ರ ಜಾಗ ಇದೆ."

"ಮತ್ತೆ ಇಪ್ಪತ್ತು ಅಂತ ಬರ್ಕೊಳಿ ಸಾರ್."

"ಇಲ್ಲದ್ದನ್ನ ಬರೆಯೋಕಾಗುತ್ತಾ? ಇರೋದು ನಲವತ್ತೊಂದು."

"ಹಾಗಾದ್ರೆ ನಲವತ್ತೊಂದು ಬರೀರಿ."

"ಜಾಗ ಇಲ್ವಲ್ಲ."

ಅತ್ತೆ ಅಲ್ಲಿಂದಲೇ ಕೂಗಿದರು: "ಇಪ್ಪತ್ತೊಂದನ್ನ ಪಕ್ಕಕ್ಕೆ ಕೂರಿಸಿ, ಕಾಫಿ ಕೊಡ್ತೀನಿ ಅಂತ ಹೇಳಪ್ಪಾ. ಎಣಿಸೋದು ಮುಗಿದ ಮೇಲೆ ಬರಲಿ."

ಪರೀಕ್ಷಕರಿಗೆ ಆ ಮಾತು ಇಷ್ಟವಾಗಲಿಲ್ಲ. ತಾವು ಪ್ರಾಮಾಣಿಕರೆಂದೂ, ಮಣ್ಣಿನ ವಿಷಯದಲ್ಲಿ ಒಂದು ಹುಳುವಿನಷ್ಟೂ ಸುಳ್ಳು ಬರೆಯುವುದಿಲ್ಲವೆಂದೂ ತಿಳಿಸಿದರು. ತರಗಕ್ಕನಿಗೆ ಅದು ಮೆಚ್ಚಿಗೆಯಾಯಿತು. ಅವಳೂ ಅದೇ ಜಾತಿ. ಬೀದಿ ಗುಡಿಸುತ್ತಿದ್ದಾಗ, ಗುಡಿಸದ ಬೀದಿಗೆ ಹೆಬ್ಬೆಟ್ಟು ಒತ್ತಲಾರೆನೆಂದು ಮೇಸ್ತ್ರಿಯೊಡನೆ ಜಗಳ ಮಾಡಿ ಮೂರು ದಿನ ಮನೆಯಲ್ಲಿ ಕೂತವಳು.

'ಹುಳುಗಳು ನಿಗದಿತ ಗರಿಷ್ಠ ಮಿತಿಯನ್ನು ಮೀರಿದ್ದು, ಸ್ಪಷ್ಟೀಕರಣ ಕೋರಿದೆ' ಎಂದು ಷರಾ ಬರೆಯಲಾಯಿತು. ಪುರಾವೆಗಾಗಿ ಆ ಒಂದು ಚದರ ಅಡಿ ಮಣ್ಣನ್ನು ಹುಳುಗಳ ಸಮೇತ ತಗಡಿನ ಪೆಟ್ಟಿಗೆಯಲ್ಲಿ ತುಂಬಿ ಜೀಪಿಗೆ ಹಾಕಿದರು. ಪೆಟ್ಟಿಗೆಯ ತಳಕ್ಕೆ ಹಸಿ ಎಲೆ ಹಾಸಬೇಕು, ಬಿಸಿಲಿಗಿಡಬಾರದು ಎಂದು ತರಗಕ್ಕ ಜೀಪು ಹೊರಡುವ ತನಕ ಹೇಳುತ್ತಲೇ ಇದ್ದಳು. ಪರೀಕ್ಷಕರು ಅದೆಲ್ಲ ನೆನಪಿಡುವುದು ಕಷ್ಟವೆಂದು ಅವಳನ್ನೂ ಜೀಪಿಗೆ ಹತ್ತಿಸಿಕೊಂಡರು.

ಕಚೇರಿಯಲ್ಲಿ ನಿರ್ದೇಶಕರು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ಮೂಗನ್ನು ಹತ್ತಿರ ತಂದರು. ನಿರ್ದೇಶನಾಲಯ ಶುರುವಾಗಿ ಎರಡು ತಿಂಗಳಾದರೂ ಅವರು ಜೀವಂತ ಮಣ್ಣನ್ನು ಕಂಡಿರಲಿಲ್ಲ.

"ಇದರ ವಾಸನೆ ಬೇರೆ ಥರ ಇದೆಯಲ್ಲ" ಎಂದರು.

"ಮಳೆ ವಾಸನೆ ಸಾರ್" ಎಂದಳು ತರಗಕ್ಕ.

"ಮಳೆ ಬಂದಿಲ್ಲವಲ್ಲ?"

"ಬಂದಿದ್ದನ್ನ ಇಟ್ಕೊಂಡಿರುತ್ತೆ ಸಾರ್."

ನಿರ್ದೇಶಕರು ಅದನ್ನು ಟಿಪ್ಪಣಿ ಮಾಡಿಸಿದರು. ಮಿತಿಗಿಂತ ಹೆಚ್ಚಿನ ಇಪ್ಪತ್ತೊಂದು ಹುಳುಗಳನ್ನು ಕಚೇರಿ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ, ಅವುಗಳನ್ನು ಮಾನವೀಯ ನೆಲೆಯಲ್ಲಿ ಅಂಗಳದ ಸಿಮೆಂಟಿನ ಮೇಲೆ ಬಿಡುಗಡೆ ಮಾಡಲು ಆದೇಶಿಸಿದರು. ಅಂಗಳದ ಆಚೆ ಮಣ್ಣಿರುವಲ್ಲಿಗೆ ಅವುಗಳನ್ನು ಬಿಟ್ಟು ಬರುತ್ತೇನೆಂದು ತರಗಕ್ಕ ಎದ್ದಳು. ಅದು ಬೇರೆ ಇಲಾಖೆಯ ಜಾಗವೆಂದು ಅವಳನ್ನು ಕೂರಿಸಲಾಯಿತು.

ಇತ್ತ ಸ್ಪಷ್ಟೀಕರಣ ಬರುವ ತನಕ ಸುಮ್ಮನೆ ಕೂರುವಂತಿರಲಿಲ್ಲ. ವರ್ಷ ಮುಗಿಯುವುದರೊಳಗೆ ನಾನೂರು ಪ್ರಮಾಣಪತ್ರ ಕೊಡಬೇಕೆಂದು ನಿರ್ದೇಶನಾಲಯಕ್ಕೆ ಗುರಿ ಹಾಕಿಕೊಟ್ಟಿದ್ದರು. ಪರೀಕ್ಷಕರು ಊರೆಲ್ಲ ಸುತ್ತಿ ಗುಂಡಿ ತೋಡಿಸಿದರು. ಹುಳು ಸಿಗಲಿಲ್ಲ. ಒಂದು ಕಡೆ ಸಿಕ್ಕಿತು, ಅದು ಪ್ಲಾಸ್ಟಿಕ್ಕಿನ ದಾರವಾಗಿತ್ತು. ಕಣ್ಣಿಗೆ ಅಭ್ಯಾಸವಾಗಲೆಂದು ಅವರು ಆ ತಗಡಿನ ಪೆಟ್ಟಿಗೆಯನ್ನು 'ಹೋಲಿಕೆ ಮಣ್ಣು' ಎಂದು ಹೆಸರಿಟ್ಟು ಜೊತೆಗೊಯ್ಯತೊಡಗಿದರು. ಪೆಟ್ಟಿಗೆಯ ಜೊತೆ ತರಗಕ್ಕನೂ ಹೋಗಬೇಕಾಯಿತು. ಹುಳುಗಳಿಗೆ ಯಾರಾದರೂ ನೀರು ಚಿಮುಕಿಸಬೇಕಲ್ಲ.

ಹೀಗೆ ಒಂದು ದಿನ ಅವರು ಟ್ರ್ಯಾಕ್ಟರ್ ಯಜಮಾನರ ಹೊಲಕ್ಕೆ ಬಂದರು. ಇವರದು ತರಗಕ್ಕನ ಪಕ್ಕದ ಹೊಲ. ಬೆಳೆಗೆ ಮೂರು ಸಲ ಉಳುತ್ತಿದ್ದರು, ಒಂದು ಹುಲ್ಲೆಸಳು ಕಂಡರೂ ಔಷಧಿ ಹೊಡೆಸುತ್ತಿದ್ದರು. ಹೊಲ ಬಾಚಿದ ತಲೆಯ ಹಾಗೆ ಗೆರೆಗೆರೆಯಾಗಿ, ಬೋಳಾಗಿ, ಬಿಸಿಲಿಗೆ ಮಿರುಗುತ್ತಿತ್ತು. ನಡುವೆ ಚೌಕಟ್ಟು ಇಟ್ಟು ಗುದ್ದಲಿ ಹಾಕಿದರೆ ಠಣ್ ಎಂದಿತು. ಎರಡು ಗುದ್ದಲಿಯ ಕಾವು ಮುರಿದ ಮೇಲೆ ಗುಂಡಿಯಾಯಿತು.

"ಏನೂ ಇಲ್ವಾ?" ಯಜಮಾನರು ಬಗ್ಗಿ ನೋಡಿದರು. ಮುಖ ಸಣ್ಣಗಾಗಿತ್ತು. "ನಮ್ಮಪ್ಪನ ಕಾಲದಲ್ಲಿ ಇದ್ದವು ಕಣ್ರೀ. ಗಾಳ ಹಾಕೋಕೆ ಇಲ್ಲಿಂದಲೇ ತಗೊಂಡು ಹೋಗ್ತಿದ್ವಿ."

"ಎಲ್ಲವನ್ನೂ ಮೀನಿಗೇ ಹಾಕಿಬಿಟ್ರೇನೋ" ಎಂದಳು ತರಗಕ್ಕ.

"ನಿನ್ನ ನಾಲಿಗೆನೂ ಉಳಬೇಕು ನೋಡು, ತುಂಬಾ ಗಟ್ಟಿಯಾಗಿದೆ."

"ಉಳೋಕೆ ಬಂದ್ರೆ ನಿಮ್ಮ ನೇಗಿಲೇ ಮುರಿದೀತು ಯಜಮಾನ್ರೇ."

ಪರೀಕ್ಷಕರು ಎರಡೂ ಮಣ್ಣಿನ ಬಣ್ಣ ಹೋಲಿಸಿ ನೋಡೋಣವೆಂದು ಮುಚ್ಚಳ ತೆಗೆದು ಪೆಟ್ಟಿಗೆಯನ್ನು ಗುಂಡಿಯೊಳಗೆ ಇಟ್ಟರು. ಸರಿಯಾಗಿ ಕೂತಿತು, ಪೆಟ್ಟಿಗೆಯೂ ಒಂದು ಅಡಿಯದೇ ಅಲ್ಲವೇ. ಅದೇ ಹೊತ್ತಿಗೆ ನಿರ್ದೇಶಕರು ಫೋಟೋದವನನ್ನು ಕರೆದುಕೊಂಡು ಬಂದಿಳಿದರು.

"ಎಷ್ಟಿದೆ?"

"ಸಾರ್, ಪೆಟ್ಟಿಗೆಯಲ್ಲಿ ಇಪ್ಪತ್ತು. ಗುಂಡಿಯಲ್ಲಿ ಮಾತ್ರ..."

"ಪೆಟ್ಟಿಗೆ ಎಲ್ಲಿದೆ?"

"ಗುಂಡಿಯಲ್ಲಿ ಸಾರ್."

"ನಿಯಮ ಓದಿ."

ಪರೀಕ್ಷಕರು ಓದಿದರು. "ಗುಂಡಿಯಲ್ಲಿರುವ ಹುಳುಗಳನ್ನು ಎಣಿಸತಕ್ಕದ್ದು."

"ಮತ್ತೇನು ತೊಂದರೆ?"

ಪರೀಕ್ಷಕರು ನಿಯಮದ ಹಾಳೆಗಳನ್ನು ಇನ್ನೊಮ್ಮೆ ತಿರುವಿದರು. ತೊಂದರೆ ಇದೆ ಎಂದು ಅವರಿಗೆ ಅನ್ನಿಸುತ್ತಿತ್ತು. ಆದರೆ ಅದು ಯಾವ ನಿಯಮದಲ್ಲಿದೆ ಎಂದು ತೋರಿಸಲು ಆಗಲಿಲ್ಲ. ಅವರು ಗೀಟು ಹಾಕಿದರು. ಯಜಮಾನರಿಗೆ ಅಲ್ಲೇ ಮೊಹರು ಒತ್ತಿ ಪ್ರಮಾಣಪತ್ರ ಕೊಡಲಾಯಿತು. ಫೋಟೋ ತೆಗೆಯುವಾಗ ಯಜಮಾನರು ಅದನ್ನು ಎದೆಗೆ ಹಿಡಿದುಕೊಂಡು, ತರಗಕ್ಕನ ಕಡೆ ನೋಡದೆ ನಿಂತರು.

ಮರುವಾರ ಸುತ್ತೋಲೆ ಬಂತು:

'ಪರೀಕ್ಷೆಯ ಸಂದರ್ಭದಲ್ಲಿ ಅಧಿಕೃತ ಪೆಟ್ಟಿಗೆಯಲ್ಲಿರುವ ಹೋಲಿಕೆ ಮಣ್ಣನ್ನು ಗುಂಡಿಯಲ್ಲಿ ಇಟ್ಟು ಎಣಿಸುವುದಕ್ಕೆ ಅನುಮತಿಸಿದೆ. ಪೆಟ್ಟಿಗೆಯಿಲ್ಲದೆ ಬೇರೆ ಕಡೆಯ ಮಣ್ಣನ್ನು ತಂದು ಗುಂಡಿಗೆ ತುಂಬುವುದು ವಂಚನೆಯಾಗಿದ್ದು, ಅಂಥವರ ಮೇಲೆ ಕಠಿಣ ಕ್ರಮ ಜರುಗಿಸಲಾಗುವುದು. ಈ ಕಚೇರಿಯ ಯಶಸ್ಸನ್ನು ಗಮನಿಸಿ, ಇತರ ಅರುವತ್ತೊಂದು ಶಾಖೆಗಳೂ ಇದೇ ಕ್ರಮವನ್ನು ಅನುಸರಿಸತಕ್ಕದ್ದು.'

ಅರುವತ್ತೊಂದು ಶಾಖೆಗಳು ಅನುಸರಿಸಲು ಸಿದ್ಧವಾಗಿದ್ದವು. ಅವರ ಬಳಿ ಪೆಟ್ಟಿಗೆಗಳೂ ಇದ್ದವು. ಮಣ್ಣು ಇರಲಿಲ್ಲ.

ಹೀಗಾಗಿ ತರಗಕ್ಕನ ಹೊಲದ ಬದುವಿನ ಮೇಲೆ ಜೀಪುಗಳು ಸಾಲುಗಟ್ಟಿ ನಿಂತವು. ಬಿಸಿಲಲ್ಲಿ ಊರೂರು ಸುತ್ತಿದ ಹುಳುಗಳು ಸಂಜೆಗೆ ಬಾಡಿ ಹೋಗುತ್ತಿದ್ದುದರಿಂದ ಪ್ರತಿ ಶಾಖೆಗೂ ದಿನಕ್ಕೊಂದು ಪೆಟ್ಟಿಗೆ ಹೊಸ ಮಣ್ಣು ಬೇಕಾಗುತ್ತಿತ್ತು. ಸರ್ಕಾರಿ ಚೌಕಟ್ಟು ಇಟ್ಟು, ಸಲಿಕೆಯಲ್ಲಿ ಕತ್ತರಿಸಿ, ಅಚ್ಚುಬೆಲ್ಲ ಎತ್ತಿದ ಹಾಗೆ ಎತ್ತುತ್ತಿದ್ದರು. ಅಂಚಿನ ಮಣ್ಣು ಬೇಡ, ನಡುವಿನದೇ ಆಗಬೇಕು, ನಡುವಿನದೇ ಜಮೀನನ್ನು ಪ್ರತಿನಿಧಿಸುತ್ತದೆ ಎಂದು ನಿಯಮವಿತ್ತು.

ಮೊದಲ ದಿನವೇ ತರಗಕ್ಕ ಸಲಿಕೆಗೆ ಅಡ್ಡ ನಿಂತಳು.

"ಒಂದು ಗೇಣು ಮಣ್ಣಾಗೋಕೆ ಒಂಬತ್ತು ವರ್ಷ ಹಿಡಿದಿದೆ ಸಾರ್. ನೀವು ಒಂಬತ್ತು ನಿಮಿಷದಲ್ಲಿ ಎತ್ತಿಕೊಂಡು ಹೋಗ್ತಿದ್ದೀರಿ."

ಪರೀಕ್ಷಕರು ಒಂದು ಪತ್ರ ಕೊಟ್ಟರು. ಅವಳು ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದಳು. ಸ್ಪಷ್ಟೀಕರಣ ಬರುವವರೆಗೆ ಸದರಿ ಜಮೀನನ್ನು ಮಾದರಿ ಜಮೀನೆಂದು ಗೌರವಿಸಲಾಗಿದೆ, ಅಸಹಕಾರ ಕಂಡುಬಂದಲ್ಲಿ ಗುತ್ತಿಗೆ ನವೀಕರಣದ ಕಡತವನ್ನು ಮುಚ್ಚಲಾಗುವುದು ಎಂದಿತ್ತು.

"ಇದು ಗೌರವ ಅಕ್ಕಾ" ಎಂದರು ಪರೀಕ್ಷಕರು. ನಿಜವಾಗಿಯೂ ಹಾಗೆಂದೇ ನಂಬಿದ್ದರು.

ಅವಳು ದಾರಿ ಬಿಟ್ಟಳು. ಒಳಗೆ ಹೋಗಿ ಬಾಗಿಲ ಹಿಂದೆ ನಿಂತುಕೊಂಡಳು. ಅತ್ತೆ ಹೊರಗೆ ಜೀಪಿನವರನ್ನು ವಿಚಾರಿಸಿಕೊಳ್ಳುತ್ತಿದ್ದರು: "ನಿಂಗೆಷ್ಟಪ್ಪಾ, ಒಂದಾ? ನಿಂಗೆ? ತಳದ್ದು ಬೇಕಾ ಮೇಲಿನದ್ದು ಬೇಕಾ? ಬಿಸಿಬಿಸಿ ಇದೆ, ಈಗ ತೋಡಿದ್ದು."

ಐದು ತಿಂಗಳಲ್ಲಿ ಹೊಲದ ಐದರಲ್ಲೊಂದು ಪಾಲು ಹೋಯಿತು. ಉಳಿದದ್ದು ಸುತ್ತ ಹಸಿರು, ನಡುವೆ ಬೋಳು ಹೊಂಡ. ಅಡಿಯಲ್ಲಿ ಇಟ್ಟಿಗೆಯವರು ಬಿಟ್ಟುಹೋದ ಅದೇ ಹಳದಿ ನೆಲ ಮತ್ತೆ ಎಲುಬು ತೋರಿಸಿತು. ತರಗಕ್ಕ ಹೊಂಡದ ತಳಕ್ಕೆ ದಿನವೂ ಎಲೆ ಚೆಲ್ಲುತ್ತಿದ್ದಳು. ಪೆಟ್ಟಿಗೆಯವರು ಎಲೆಯನ್ನು ಬದಿಗೆ ಗುಡಿಸಿ ಹೊಂಡದ ಅಂಚಿನಿಂದ ಇನ್ನೊಂದು ಸಾಲು ಎತ್ತುತ್ತಿದ್ದರು. ಇತ್ತ ಮುನ್ನೂರ ತೊಂಬತ್ತೊಂಬತ್ತು ಜಮೀನುಗಳು ಜೀವಂತವೆಂದು ಘೋಷಿಸಲ್ಪಟ್ಟವು. ಅವುಗಳಲ್ಲಿ ಎರಡು ಜಮೀನು ವಾಹನ ನಿಲ್ಲಿಸುವ ಜಾಗವಾಗಿದ್ದವು, ಆದರೂ ಪೆಟ್ಟಿಗೆ ಇಟ್ಟಾಗ ಪೂರ್ತಿ ಇಪ್ಪತ್ತು ಬಂದವು.

ಆಗ ಸ್ಪಷ್ಟೀಕರಣ ಬಂತು. ನಮೂನೆಯನ್ನು ಬದಲಿಸಲು ಅವಕಾಶವಿಲ್ಲ, ಜಮೀನಿನ ನಟ್ಟನಡುವೆ ಮರುಪರೀಕ್ಷೆ ಮಾಡತಕ್ಕದ್ದು, ಎಂಟು ದಿನದೊಳಗೆ.

ತರಗಕ್ಕ ಆ ದಿನವೇ ನಿರ್ದೇಶನಾಲಯಕ್ಕೆ ಹೋದಳು. ಕಾಲೊರಸಿನ ಮೇಲೆ ಕಾಲು ಒರೆಸದೆ ಒಳಗೆ ಹೋದಳು.

"ಸಾರ್, ನಟ್ಟನಡುವೆ ಮಣ್ಣೇ ಇಲ್ಲ. ಇದ್ದದ್ದನ್ನ ನೀವೇ ತಗೊಂಡಿದ್ದೀರಿ. ಅಂಚಿನಲ್ಲಿ ನೋಡಿ, ಈಗಲೂ ನಲವತ್ತಿದೆ."

"ನಿಯಮ ನಡುವೆ ಅನ್ನುತ್ತೆ ಅಕ್ಕಾ" ಎಂದರು ಪರೀಕ್ಷಕರು, ನೋವಿನಿಂದ.

"ಸರಿ, ಅಂಚಿನ ಮಣ್ಣು ತಂದು ನಾನೇ ನಡುವೆ ಹಾಕ್ತೀನಿ. ನನ್ನ ಮಣ್ಣೇ ಅಲ್ವಾ?"

"ಪೆಟ್ಟಿಗೆ ಇಲ್ಲದೆ ಹಾಕಿದ್ರೆ ವಂಚನೆ ಆಗುತ್ತೆ."

"ಪೆಟ್ಟಿಗೆಯಲ್ಲೇ ಹಾಕ್ತೀನಿ. ನೀವು ಊರಿಗೆಲ್ಲ ಹೊತ್ತುಕೊಂಡು ಹೋಗ್ತೀರಲ್ಲ, ಅದನ್ನೇ ಇಡಿ."

ಪರೀಕ್ಷಕರು ನಿಯಮಗಳ ಪುಸ್ತಕವನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟರು. 'ಯಾವುದೇ ಜಮೀನನ್ನು ಅದೇ ಜಮೀನಿನ ಮಣ್ಣಿಗೆ ಹೋಲಿಸುವಂತಿಲ್ಲ. ಹೋಲಿಕೆ ಮಣ್ಣು ಮಾದರಿ ಜಮೀನಿನಿಂದ, ತಪ್ಪಿದಲ್ಲಿ ಬೇರೊಂದು ಪ್ರಮಾಣೀಕೃತ ಜಮೀನಿನಿಂದಲೇ ಬರತಕ್ಕದ್ದು.'

"ಹಾಗಾದ್ರೆ ದಾಖಲೆ ಕೊಠಡಿಯೇ ಕಟ್ಟೋದು ಅನ್ನಿ" ಎಂದಳು ತರಗಕ್ಕ.

"ನಕ್ಷೆ ಆಗಿದೆ" ಎಂದರು ಪರೀಕ್ಷಕರು, ತಲೆ ಎತ್ತದೆ. "ಹೊಂಡ ಹೇಗೂ ಇದೆ, ಪಾಯ ತೋಡೋ ಕೆಲಸ ಉಳಿಯುತ್ತೆ ಅಂತ ಗುತ್ತಿಗೆದಾರರು ಬಹಳ ಮೆಚ್ಚಿಕೊಂಡಿದ್ದಾರೆ."

ಬಾಗಿಲ ತನಕ ಬಂದವಳು ತಿರುಗಿ ನಿಂತಳು. ಆ ಸಾಲನ್ನು ಮತ್ತೊಮ್ಮೆ ಓದಿ ಹೇಳಲು ಕೇಳಿದಳು. ಪರೀಕ್ಷಕರು ಓದಿದರು. ಬೇರೊಂದು ಪ್ರಮಾಣೀಕೃತ ಜಮೀನು. ಅವಳು ಸುಮ್ಮನೆ ತಲೆಯಾಡಿಸಿ ನಡೆದಳು.

ಟ್ರ್ಯಾಕ್ಟರ್ ಯಜಮಾನರು ಮನೆಯ ಹಜಾರದಲ್ಲಿ ಕೂತಿದ್ದರು. ಪ್ರಮಾಣಪತ್ರ ಗಾಜಿನ ಚೌಕಟ್ಟಿನಲ್ಲಿ ಗೋಡೆ ಮೇಲಿತ್ತು.

"ಯಜಮಾನ್ರೇ, ಒಂದು ಪೆಟ್ಟಿಗೆ ಮಣ್ಣು ಬೇಕಾಗಿತ್ತು."

"ಯಾರಿಗೆ?"

"ನನಗೆ."

"ನನ್ನ ಮಣ್ಣಾ? ನಿನಗಾ?" ಯಜಮಾನರು ಹಿಂದೆ ಮುಂದೆ ನೋಡಿದರು, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ. "ಆಡಿಕೊಳ್ಳೋಕೆ ಬಂದಿದ್ದೀಯಾ?"

"ಆಡಿಕೊಳ್ಳೋ ಹಾಗಿದ್ರೆ ಬದುವಿನ ಮೇಲೆ ನಿಂತೇ ಆಡಿಕೊಳ್ತಿದ್ದೆ, ಇಷ್ಟು ದೂರ ನಡೀತಿರಲಿಲ್ಲ. ನಿಮ್ಮದು ಪ್ರಮಾಣೀಕೃತ. ನನ್ನದಲ್ಲ."

ಯಜಮಾನರು ಗೋಡೆಯ ಕಡೆ ನೋಡಿದರು. "ಅದರಲ್ಲಿ ಏನೂ ಇಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು."

"ಅವರಿಗೂ ಗೊತ್ತು. ಕೊಡ್ತೀರೋ ಇಲ್ವೋ ಹೇಳಿ."

"ಕೊಡ್ತೀನಿ ಮಾರಾಯ್ತಿ. ತೋಡಿಕೋ. ಗುದ್ದಲಿ ಮಾತ್ರ ನಿಂದೇ ತಾ."

ಮರುಪರೀಕ್ಷೆಗೆ ನಿರ್ದೇಶಕರೇ ಖುದ್ದಾಗಿ ಬಂದರು. ಇದು ನಾನೂರನೆಯ ಪ್ರಮಾಣಪತ್ರ, ಇದಾದರೆ ಗುರಿ ಮುಟ್ಟಿದಂತೆ. ಹೊಂಡದ ಅಂಚಿನಲ್ಲಿ ಕುರ್ಚಿಗಳನ್ನು ಹಾಕಲಾಗಿತ್ತು. ಅರುವತ್ತೊಂದು ಶಾಖೆಯ ಪರೀಕ್ಷಕರು ಸಾಲಾಗಿ ನಿಂತಿದ್ದರು. ಹೊಂಡದ ನಟ್ಟನಡುವೆ, ಹಳದಿ ನೆಲದಲ್ಲಿ ಕಷ್ಟಪಟ್ಟು ತೋಡಿದ ಗುಂಡಿಯಲ್ಲಿ, ಟ್ರ್ಯಾಕ್ಟರ್ ಯಜಮಾನರ ಹೊಲದ ಪೆಟ್ಟಿಗೆ ಕೂತಿತ್ತು. ಒಳಗೆ ಬೂದು ಬಣ್ಣದ ಹೆಂಟೆಗಳು. ಒಂದನ್ನು ಎತ್ತಿ ಎಸೆದರೆ ನಾಯಿಯ ತಲೆ ಒಡೆಯುವಷ್ಟು ಗಟ್ಟಿ.

ಬಿಳಿ ಷೂವಿನ ಪರೀಕ್ಷಕರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಮೊದಲ ಸಲ ಅವರ ಮೈ ಜುಮ್ಮೆನ್ನಲಿಲ್ಲ.

"ಸಾರ್" ಎಂದರು ಮೆಲ್ಲಗೆ, "ಇದರಲ್ಲಿ..."

"ಇದು ಪ್ರಮಾಣೀಕೃತ ಜಮೀನಿನ ಮಣ್ಣು ತಾನೆ?" ಎಂದರು ನಿರ್ದೇಶಕರು.

"ಹೌದು ಸಾರ್."

"ಪ್ರಮಾಣಪತ್ರದಲ್ಲಿ ಎಷ್ಟಿದೆ?"

"ಇಪ್ಪತ್ತು ಸಾರ್."

"ಇಲ್ಲ ಅಂದ್ರೆ ನಿರ್ದೇಶನಾಲಯದ ಪ್ರಮಾಣಪತ್ರವನ್ನೇ ಪ್ರಶ್ನೆ ಮಾಡಿದ ಹಾಗಾಗುತ್ತೆ. ಒಂದಲ್ಲ, ಮುನ್ನೂರ ತೊಂಬತ್ತೊಂಬತ್ತು. ಎಣಿಸಿ. ಜಮೀನಿನವರೂ ಜೊತೆಗೆ ಎಣಿಸಬೇಕು, ಗಟ್ಟಿಯಾಗಿ."

ಎಲ್ಲರೂ ತರಗಕ್ಕನ ಕಡೆ ನೋಡಿದರು. ಇದು ಅವಳು ಎಣಿಸಿರದ ತಿರುವು. ಮಣ್ಣು ತರುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ. ಅವಳು ಜನ್ಮದಲ್ಲಿ ಇಲ್ಲದ್ದನ್ನು ಇದೆಯೆಂದು ಹೇಳಿದವಳಲ್ಲ. ಹೊಂಡದ ಸುತ್ತ ಉಳಿದಿದ್ದ ಅವಳ ಹೊಲ ಗಾಳಿಗೆ ತೂಗುತ್ತಿತ್ತು. ಅವರೆ ಹೂ ಬಿಟ್ಟಿತ್ತು. ಅದರ ಬುಡದಲ್ಲಿ ಎಲೆ ಸರಿಸಿದರೆ ಒಂದು ಹಿಡಿಯಲ್ಲಿ ನಾಲ್ಕು ಸಿಗುತ್ತವೆ. ಅವನ್ನು ಯಾರೂ ಎಣಿಸುವುದಿಲ್ಲ. ಅವಳು ಸುಮ್ಮನಿದ್ದರೆ ನಾಳೆ ಅವುಗಳ ಮೇಲೆ ಗೋಡೆ ಏಳುತ್ತದೆ.

ಅತ್ತೆ ಹತ್ತಿರ ಬಂದು ಅವಳ ಮೊಣಕೈ ತಿವಿದರು. "ಎಣಿಸೇ. ಅವು ನಿನಗೇನು ಕಚ್ಚುತ್ವಾ?"

ತರಗಕ್ಕ ಮಂಡಿಯೂರಿ ಕೂತು, ಪೆಟ್ಟಿಗೆಯೊಳಗೆ ನೋಡಿದಳು.

"ಒಂದು" ಎಂದಳು.

ಧ್ವನಿ ಅವಳದಲ್ಲವೆಂಬಂತೆ ಕೇಳಿಸಿತು. ಪರೀಕ್ಷಕರು "ಒಂದು" ಎಂದು ಗೀಟು ಹಾಕಿದರು. ಎರಡು, ಮೂರು. ಐದರ ಹೊತ್ತಿಗೆ ಧ್ವನಿ ಅವಳದೇ ಆಯಿತು. ಒಂಬತ್ತಕ್ಕೆ ಬೆರಳು ತೋರಿಸತೊಡಗಿದಳು. ಹದಿಮೂರಕ್ಕೆ ಪರೀಕ್ಷಕರು ಎಣಿಕೆ ತಪ್ಪಿದರು.

"ಇದನ್ನ ಆಗಲೇ ಎಣಿಸಿದ್ವಲ್ಲ ಅಕ್ಕಾ?"

"ಅದು ಬೇರೆ ಸಾರ್, ಇದು ಬೇರೆ. ಅದು ಹೆಂಟೆ ಕೆಳಗೆ ಹೋಯ್ತು."

"ಹೌದು ಹೌದು" ಎಂದು ಟ್ರ್ಯಾಕ್ಟರ್ ಯಜಮಾನರು ಸಾಕ್ಷಿ ನುಡಿದರು, "ನಾನು ನೋಡಿದೆ, ನಮ್ಮ ಹೊಲದ್ದು ಸ್ವಲ್ಪ ಚುರುಕು ಜಾಸ್ತಿ."

ಪರೀಕ್ಷಕರು ಕ್ಷಮೆ ಕೇಳಿ ಹದಿನಾಲ್ಕು ಎಂದು ತಿದ್ದಿಕೊಂಡರು. ಶಾಖೆಗಳವರು ಕತ್ತು ಚಾಚಿ ನೋಡಿದರು, ಒಬ್ಬರಿಗೊಬ್ಬರು ತೋರಿಸಿಕೊಂಡರು. ಹತ್ತೊಂಬತ್ತು, ಇಪ್ಪತ್ತು. ಚಪ್ಪಾಳೆಯಾಯಿತು. ಪ್ರಮಾಣಪತ್ರಕ್ಕೆ ಮೊಹರು ಬಿತ್ತು, ಅದರ ಬೆನ್ನಿಗೆ ಗುತ್ತಿಗೆ ಪತ್ರಕ್ಕೆ, ಮೂವತ್ತು ವರ್ಷ. ತರಗಕ್ಕ ಎರಡನ್ನೂ ಮಡಿಸದೆ ಎದೆಗೊತ್ತಿಕೊಂಡು ಎದ್ದು ನಿಂತಳು. ಸಂತೋಷವೋ ಅವಮಾನವೋ ಅವಳಿಗೇ ತಿಳಿಯಲಿಲ್ಲ. ಯಾವುದಾದರೇನು, ನಾಳೆ ಬೆಳಗ್ಗೆ ಎಲೆ ತರಲು ಹೋಗಬೇಕು. ಈ ಹೊಂಡಕ್ಕೆ ಎಷ್ಟು ಮೂಟೆ ಹಿಡಿಯುತ್ತದೋ ಎಂದು ಆಗಲೇ ಕಣ್ಣಲ್ಲಿ ಅಳೆಯುತ್ತಿದ್ದಳು.

ಅಷ್ಟರಲ್ಲಿ ಫೋಟೋದವನು ಎಲ್ಲರನ್ನೂ ಪೆಟ್ಟಿಗೆಯ ಸುತ್ತ ಒತ್ತಾಗಿ ನಿಲ್ಲಲು ಹೇಳಿದ. ಎಲ್ಲರೂ ಮುಂದೆ ಬಂದರು.

"ಏ, ನಿಧಾನ, ನಿಧಾನ" ನಿರ್ದೇಶಕರು ಗಾಬರಿಯಿಂದ ಎರಡೂ ಕೈ ಚಾಚಿದರು. "ಒಂದು ಹೊರಗೆ ಬಂದುಬಿಟ್ಟಿದೆ. ತುಳಿದೀರಿ!"

ಶಾಖೆಗಳವರು ತಟ್ಟನೆ ನಿಂತರು. ಟ್ರ್ಯಾಕ್ಟರ್ ಯಜಮಾನರು ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಡಿದರು. ಅತ್ತೆ ಕಳಚಿಟ್ಟಿದ್ದ ಚಪ್ಪಲಿಯನ್ನು ಪಕ್ಕಕ್ಕೆ ಎಳೆದುಕೊಂಡರು. ನಿರ್ದೇಶಕರು ತೋರಿಸಿದ ಬರಿ ನೆಲವನ್ನು ಎಲ್ಲರೂ ಬಗ್ಗಿ ನೋಡುತ್ತ, ಅದಕ್ಕೆ ದಾರಿ ಬಿಟ್ಟು, ಒಂದೊಂದು ಹೆಜ್ಜೆ ಹಿಂದೆ ಸರಿದರು.

ತರಗಕ್ಕನೂ ಸರಿದಳು.